ಗೌಸ್‌ನ ಮೇಷ್ಟ್ರನ್ನು ಮರೆತ ನಾವು

ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕೂಡಿಸಿರೆಂದು ಮೇಷ್ಟ್ರು ಹೇಳಿದರು. ಉಳಿದ ಮಕ್ಕಳು ಸ್ಲೇಟಿನ ಮೇಲೆ ಬಗ್ಗುವಷ್ಟರಲ್ಲಿ ಒಬ್ಬ ಹುಡುಗ 5050 ಎಂದು ಬರೆದಿಟ್ಟ. ಗಣಿತದ ಅಧ್ಯಾಪಕನಾಗಿ ಈ ಕಥೆಯನ್ನು ನಾನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಮೊದಲ ಮತ್ತು ಕೊನೆಯ ಸಂಖ್ಯೆಗಳನ್ನು ಕೂಡಿಸಿದರೆ 101, ಅಂಥ ಜೋಡಿಗಳು 50 ಎಂದು ವಿವರಿಸಿ, ಮಕ್ಕಳ ಕಣ್ಣರಳಿದ್ದನ್ನು ಕಂಡು ಕಥೆ ಮುಗಿಸುತ್ತಿದ್ದೆ. ಆ ದಿನದ ನಂತರ ಏನಾಯಿತೆಂಬುದನ್ನು ಮಾತ್ರ ಎಂದೂ ಹೇಳಲಿಲ್ಲ. ಅಧ್ಯಾಪಕ ಕಲಿಯಬೇಕಾದ ಪಾಠವಿರುವುದು ಅಲ್ಲಿ.

ಕಾರ್ಲ್ ಫ್ರೆಡ್ರಿಕ್ ಗೌಸ್ 1777ರ ಏಪ್ರಿಲ್ 30ರಂದು ಜರ್ಮನಿಯ ಬ್ರನ್ಸ್‌ವಿಕ್ ನಗರದಲ್ಲಿ ಜನಿಸಿದ. ತಂದೆ ತೋಟದ ಕೆಲಸ, ಗಾರೆಕೆಲಸ ಮಾಡಿ ಸಂಸಾರ ಸಾಗಿಸುತ್ತಿದ್ದವರು. ತಾಯಿಗೆ ಬರವಣಿಗೆ ತಿಳಿಯದು. ಏಳನೆಯ ವಯಸ್ಸಿನಲ್ಲಿ ಸೇರಿದ ಶಾಲೆಯಾದರೂ ಎಂಥದ್ದು? ತಗ್ಗಾದ ಚಾವಣಿಯ ಕೊಠಡಿ, ಸುಮಾರು ನೂರು ಮಕ್ಕಳು, ಅವರ ನಡುವೆ ಚಾವಟಿ ಹಿಡಿದು ಓಡಾಡುವ ಬ್ಯೂಟ್ನರ್ ಮೇಷ್ಟ್ರು. ಗೌಸ್ ತೀರಿಕೊಂಡ ಮರುವರ್ಷ, 1856ರಲ್ಲಿ, ಆತನ ಮಿತ್ರ ಸಾರ್ಟೋರಿಯಸ್ ಬರೆದ ಜೀವನಚಿತ್ರದಲ್ಲಿ ಈ ವಿವರಗಳಿವೆ. ಕೂಡಿಸುವ ಲೆಕ್ಕದ ಪ್ರಸಂಗವೂ ಇದೆ; ಒಂದರಿಂದ ನೂರು ಎಂಬುದನ್ನು ಸೇರಿಸಿದವರು ನಂತರದವರು.

ಇಂಥ ತರಗತಿಯಲ್ಲಿ ಚುರುಕು ಹುಡುಗನೊಬ್ಬ ಕಳೆದುಹೋಗಲು ಎಲ್ಲ ಕಾರಣಗಳೂ ಇದ್ದವು. ಆದರೆ ಬ್ಯೂಟ್ನರ್ ಶಹಭಾಸ್ ಎಂದು ಬೆನ್ನು ತಟ್ಟಿ ಸುಮ್ಮನಾಗಲಿಲ್ಲ. ಈ ಹುಡುಗನಿಗೆ ಶಾಲೆಯ ಪುಸ್ತಕ ಸಾಲದೆಂದು ಮನಗಂಡು, ಹ್ಯಾಂಬರ್ಗ್‌ನಿಂದ ಮೇಲ್ಮಟ್ಟದ ಅಂಕಗಣಿತದ ಪುಸ್ತಕ ತರಿಸಿಕೊಟ್ಟರು. ಅವರ ಸಹಾಯಕನಾಗಿದ್ದ ಯೋಹಾನ್ ಬಾರ್ಟೆಲ್ಸ್ ಹುಡುಗನಿಗಿಂತ ಎಂಟು ವರ್ಷವಷ್ಟೇ ಹಿರಿಯ, ಗಣಿತದ ಹುಚ್ಚಿನವ. ಅವರಿಬ್ಬರೂ ಜೊತೆಯಾಗಿ ಕುಳಿತು ಬೀಜಗಣಿತ ಓದತೊಡಗಿದರು. ಸಂಜೆ ಹೊತ್ತು ಮನೆಯಲ್ಲಿ ಅಗಸೆನಾರು ನೂಲುವ ಕೆಲಸದಿಂದ ಮಗನನ್ನು ಬಿಡಿಸುವಂತೆ ತಂದೆಯ ಮನವೊಲಿಸಲಾಯಿತು. ತಕ್ಕ ಪುಸ್ತಕ, ತಕ್ಕ ಜೊತೆಗಾರ, ಓದಲು ಬಿಡುವು: ಇಷ್ಟೇ. ಇದಕ್ಕೆ ವಿಶೇಷ ಯೋಜನೆ, ಅನುದಾನಗಳೇನೂ ಬೇಕಾಗಲಿಲ್ಲ. ತನ್ನ ಪಾಠ ಈ ಮಗುವಿಗೆ ಸಾಲದೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಬೇಕಾಯಿತು.

ಮುಂದಿನದು ಕೈಯಿಂದ ಕೈಗೆ ಸಾಗಿದ ಕಥೆ. ಬಾರ್ಟೆಲ್ಸ್ ಹಾಗೂ ಪ್ರಾಧ್ಯಾಪಕ ಜಿಮ್ಮರ್‌ಮನ್ ಮೂಲಕ ಬಾಲಕನ ಸುದ್ದಿ ಬ್ರನ್ಸ್‌ವಿಕ್‌ನ ಡ್ಯೂಕ್‌ಗೆ ತಲುಪಿ, 1791ರಲ್ಲಿ ಗೌಸ್ ಆತನ ಮುಂದೆ ನಿಂತ. ಡ್ಯೂಕ್‌ನ ನೆರವಿನಿಂದ 1792ರಲ್ಲಿ ಕೆರೊಲಿನಮ್ ಕಾಲೇಜು, 1795ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯ ಸೇರಿದ. 17 ಬಾಹುಗಳ ನಿಯತ ಬಹುಭುಜಾಕೃತಿಯನ್ನು ಕೈವಾರ ಮತ್ತು ನೇರಪಟ್ಟಿಯಿಂದಲೇ ರಚಿಸಬಹುದೆಂದು 1796ರಲ್ಲಿ ಕಂಡುಕೊಂಡಾಗ ಆತನಿಗಿನ್ನೂ 19 ತುಂಬಿರಲಿಲ್ಲ. 1801ರಲ್ಲಿ ಸಂಖ್ಯಾಸಿದ್ಧಾಂತದ ಮಹಾಗ್ರಂಥ ಹೊರಬಂತು. ಅದರ ಅರ್ಪಣೆ ಡ್ಯೂಕ್‌ಗೆ. ಅದೇ ವರ್ಷ, ಕಂಡು ಮರೆಯಾಗಿದ್ದ ಸೆರೆಸ್ ಎಂಬ ಆಕಾಶಕಾಯ ಆತನ ಲೆಕ್ಕಾಚಾರದ ನೆರವಿನಿಂದ ಮತ್ತೆ ಸಿಕ್ಕಿತು. 1807ರಲ್ಲಿ ಗಟಿಂಗೆನ್ ವೀಕ್ಷಣಾಲಯದ ಹೊಣೆ ಹೊತ್ತು, 1855ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದ.

ಇಷ್ಟು ಪಡೆದವನು ಕೊಡುವುದರಲ್ಲಿ ಎಡವಿದ್ದೂ ಉಂಟು. ಆತನ ಸಹಪಾಠಿ ಫರ್ಕಾಶ್ ಬೊಯಾಯ್‌ನ ಮಗ ಯಾನೊಶ್ ಯೂಕ್ಲಿಡ್‌ನ ಚೌಕಟ್ಟನ್ನು ಮೀರಿದ ಹೊಸ ರೇಖಾಗಣಿತವನ್ನು ಕಟ್ಟಿದ್ದ. 1832ರಲ್ಲಿ ಅದನ್ನು ಓದಿದ ಗೌಸ್, ಹೊಗಳಿದರೆ ತನ್ನನ್ನೇ ಹೊಗಳಿಕೊಂಡಂತಾದೀತು, ಇದೆಲ್ಲ ತಾನು ಮೊದಲೇ ಯೋಚಿಸಿದ್ದು ಎಂಬರ್ಥದಲ್ಲಿ ತಂದೆಗೆ ಉತ್ತರಿಸಿದ. ಇನ್ನೊಬ್ಬ ಮಿತ್ರನಿಗೆ ಬರೆದ ಪತ್ರದಲ್ಲಿ ಮಾತ್ರ ಆ ತರುಣನನ್ನು ಮೊದಲ ದರ್ಜೆಯ ಪ್ರತಿಭೆಯೆಂದು ಮೆಚ್ಚಿಕೊಂಡಿದ್ದ. ಮನನೊಂದ ಯಾನೊಶ್ ಮುಂದೆ ತನ್ನ ಗಣಿತವನ್ನು ಪ್ರಕಟಿಸಲೇ ಇಲ್ಲ. ಇತ್ತ, ಅಷ್ಟೇನೂ ಹೆಸರಾಗದ ಬಾರ್ಟೆಲ್ಸ್ ರಷ್ಯದ ಕಜಾನ್‌ನಲ್ಲಿ ಪ್ರಾಧ್ಯಾಪಕನಾಗಿದ್ದಾಗ ಆತನಿಂದ ಕಲಿತವನು ಲೊಬಚೆವ್‌ಸ್ಕಿ. ಅದೇ ಬಗೆಯ ರೇಖಾಗಣಿತವನ್ನು 1829ರಲ್ಲಿ ಲೋಕದ ಮುಂದಿಟ್ಟವನು. ಪ್ರತಿಭೆಯಿರುವುದು ಬೇರೆ, ಪ್ರತಿಭೆಯನ್ನು ಪೋಷಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇದನ್ನು ಬರೆಯುವಾಗ ಬಹಳ ವರ್ಷಗಳ ಹಿಂದಿನ ನನ್ನ ತರಗತಿಯೊಂದು ಕಣ್ಣಮುಂದೆ ಬರುತ್ತದೆ. ಕೊಟ್ಟ ಲೆಕ್ಕಗಳನ್ನೆಲ್ಲ ಕ್ಷಣಾರ್ಧದಲ್ಲಿ ಮುಗಿಸಿ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯೊಬ್ಬಳಿದ್ದಳು. ಸುಮ್ಮನೆ ಕೂರಬಾರದೆಂದು ನಾನು ಅದೇ ಬಗೆಯ ಇನ್ನಷ್ಟು ಲೆಕ್ಕಗಳನ್ನು ಕೊಡುತ್ತಿದ್ದೆ. ಕೆಲವೇ ದಿನಗಳಲ್ಲಿ ಆಕೆ ನಿಧಾನವಾಗಿ ಲೆಕ್ಕ ಮಾಡುವುದನ್ನು ಕಲಿತಳು. ತರಗತಿ ಶಿಸ್ತಿಗೆ ಬಂತೆಂದು ನಾನು ಸಂತೋಷಪಟ್ಟೆ.

ಬುದ್ಧಿವಂತ ಮಕ್ಕಳು ಹೇಗಾದರೂ ಮೇಲೆ ಬರುತ್ತಾರೆ, ಹಿಂದುಳಿದವರತ್ತ ಗಮನ ಕೊಟ್ಟರೆ ಸಾಕು ಎಂಬ ಮಾತು ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ಸಾಮಾನ್ಯ. ಹಿಂದುಳಿದವರತ್ತ ಗಮನ ಬೇಡವೆಂದು ಯಾರೂ ಹೇಳಲಾರರು. ಆದರೆ ಗಾರೆಕೆಲಸದವರ ಮಗ ಹೇಗಾದರೂ ಮೇಲೆ ಬರಲಿಲ್ಲ. ನೂರು ಮಕ್ಕಳ ನಡುವೆ ಆತನ ಸ್ಲೇಟನ್ನು ಒಬ್ಬರು ಗಮನವಿಟ್ಟು ನೋಡಿದರು. ಉಳ್ಳವರ ಮಕ್ಕಳಿಗೆ ಮನೆಯಲ್ಲಿ ಪುಸ್ತಕಗಳಿರುತ್ತವೆ. ಇಲ್ಲದವರ ಮಕ್ಕಳಿಗೆ ಇರುವುದು ಮೇಷ್ಟ್ರೊಬ್ಬರೇ. ಇನ್ನು ಮುಂದೆ ಆ ಕಥೆ ಹೇಳುವವರು 5050ಕ್ಕೆ ನಿಲ್ಲಿಸದೆ, ಹ್ಯಾಂಬರ್ಗ್‌ನಿಂದ ಬಂದ ಪುಸ್ತಕದವರೆಗೂ ಹೇಳಲಿ.