ಕಿಟೆಲ್ ಪಂಡಿತರ ಚರಿತ್ರೆ

ಹಟ್ಟಿಯಂಗಡಿಯಂಥ ಊರುಗಳಿಂದ ಕುಂದಾಪುರದ ಶಾಲೆಗಳಿಗೆ ಹೋಗುವ ಮಕ್ಕಳು ಸಂಜೆ ಜಗಲಿಯಲ್ಲಿ ಕೂತು ಇಂಗ್ಲಿಷ್ ವಾಕ್ಯವೊಂದನ್ನು ಮುಂದಿಟ್ಟುಕೊಂಡು, ಇದರಲ್ಲಿ ಕರ್ತೃಪದ ಯಾವುದು, ಕರ್ಮಪದ ಯಾವುದು ಎಂದು ತಿಳಿಯದೆ ತೊಳಲುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಇದೇ ತೊಡಕನ್ನು ಎದುರು ದಿಕ್ಕಿನಿಂದ ಅನುಭವಿಸಿ, ಅದನ್ನು ಬಿಡಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಒಬ್ಬರ ಚರಿತ್ರೆಯನ್ನು ಈ ಸಾರಿ ಹೇಳುವೆವು.

ಫರ್ಡಿನಂಡ್ ಕಿಟೆಲರು 1832ನೇ ಇಸವಿ ಎಪ್ರಿಲ್ 7ರಂದು ಜರ್ಮನಿ ದೇಶದ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದರು. ಬಾಸೆಲ್ ಮಿಶನಿನ ಶಾಲೆಯಲ್ಲಿ ಕಲಿತು, 1853ರಲ್ಲಿ, ಇನ್ನೂ ಇಪ್ಪತ್ತೊಂದರ ಪ್ರಾಯದಲ್ಲಿ, ಮಂಗಳೂರಿಗೆ ಬಂದಿಳಿದರು. ಮುಂದೆ ಧಾರವಾಡದ ಸೀಮೆಯಲ್ಲಿಯೂ ನೀಲಗಿರಿಯಲ್ಲಿಯೂ ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಇದ್ದರು. ಜನರ ನಡುವೆ ಅವರಂತೆಯೇ ಬಾಳಬೇಕು, ಅವರ ಹಳೆಯ ಗ್ರಂಥಗಳನ್ನು ಓದಬೇಕು ಎಂಬ ಹಟ ಅವರದು. ಇದರಿಂದ ಜೊತೆಗಾರರಾದ ಮಿಶನರಿಗಳಿಗೂ ಅವರಿಗೂ ಎಲ್ಲಾ ಕಾಲದಲ್ಲಿಯೂ ಮನಸ್ಸು ಕೂಡಲಿಲ್ಲ. 1860ರಲ್ಲಿ ಪೌಲೀನ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಹೋದರು. ಅನಂತರ ಆಕೆಯ ತಂಗಿಯಾದ ಜೂಲಿಯೊಡನೆ 1867ರಲ್ಲಿ ವಿವಾಹವಾಯಿತು. ಈ ನಡುವೆ, 1862ರಲ್ಲಿ, ಕರ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ ಕಥಾಮಾಲೆಯನ್ನು ಹೊರಡಿಸಿದ್ದರು.

ಅವರ ವ್ಯಾಸಂಗದ ಸೊಗಸು ಇಂಥದೆಂದು ತಿಳಿಯಬೇಕಾದರೆ ನಾವೂ ಒಂದೆರಡು ವಾಕ್ಯಗಳನ್ನು ಬಿಡಿಸಿ ನೋಡಬೇಕು. ನಾಯಿಯು ಬೆಕ್ಕನ್ನು ಕಚ್ಚಿತು ಎಂದರೂ, ಬೆಕ್ಕನ್ನು ನಾಯಿಯು ಕಚ್ಚಿತು ಎಂದರೂ ನಮಗೆ ಅರ್ಥ ಒಂದೇ. ಯಾಕಂದರೆ ಬೆಕ್ಕಿಗೆ ಹತ್ತಿದ ಅನ್ನು ಎಂಬ ವಿಭಕ್ತಿಯು ಪೆಟ್ಟು ಯಾರಿಗೆಂದು ಸಾರುತ್ತದೆ. ದಿ ಡಾಗ್ ಬಿಟ್ ದಿ ಕ್ಯಾಟ್ ಎಂಬ ಇಂಗ್ಲಿಷ್ ಮಾತಿನಲ್ಲಿ ಅಂಥ ಗುರುತಿಲ್ಲ. ಕ್ರಿಯೆಯ ಮುಂಚೆ ನಿಂತದ್ದು ಕರ್ತೃ, ಹಿಂದೆ ನಿಂತದ್ದು ಕರ್ಮ. ಸ್ಥಳ ತಪ್ಪಿಸಿದರೆ ಬೆಕ್ಕೇ ನಾಯಿಯನ್ನು ಕಚ್ಚಿದಂತಾಯಿತು! ಇನ್ನೊಂದು: ಹಟ್ಟಿಯಂಗಡಿಯಿಂದ ಬಂದ ಹುಡುಗನು. ಇಂಗ್ಲಿಷಿನವನು ಮೊದಲು ಹುಡುಗನನ್ನು ಹೇಳಿ, ಹೂ ಎಂಬ ಸರ್ವನಾಮವನ್ನು ನಡುವೆ ತಂದು, ಕೇಮ್ ಎಂದು, ಫ್ರಮ್ ಎಂದು, ಕಟ್ಟಕಡೆಗೆ ಊರಿಗೆ ಮುಟ್ಟುವನು. ನಮ್ಮಲ್ಲಿ ಊರು ಮೊದಲು, ಹುಡುಗನು ಕಡೆಗೆ. ಬಂದ ಎಂಬ ಕೃದಂತವೊಂದೇ ಆ ಸರ್ವನಾಮದ ಕೆಲಸವನ್ನೂ ಹೊತ್ತುಕೊಳ್ಳುತ್ತದೆ. ಕನ್ನಡಿಯೊಳಗಿನ ನೆರಳಿನ ಹಾಗೆ ಎಲ್ಲವೂ ತಿರುಗುಮುರುಗು. ಕಿಟೆಲರ ಮನೆಮಾತಾದ ಜರ್ಮನಿನಲ್ಲಿ ಉಪವಾಕ್ಯದ ಕ್ರಿಯಾಪದವು ನಮ್ಮದರಂತೆ ಕೊನೆಗೆ ಬರುವುದರಿಂದ ಅವರಿಗೆ ನಮ್ಮ ದಾರಿ ಸ್ವಲ್ಪ ಪರಿಚಿತವೆನಿಸಿರಬಹುದೆಂದು ನಾವು ಎಣಿಸುತ್ತೇವೆ.

ಇಂಥಾ ವ್ಯತ್ಯಾಸಗಳನ್ನು ಪರದೇಶಿಯು ಕೇವಲ ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡವನ್ನು ಸುರಿದರೆ ಕಾಣಲಾರನು. ಆದಕಾರಣ ಕಿಟೆಲರು ಹದಿಮೂರನೆಯ ಶತಮಾನದ ಕೇಶಿರಾಜನ ಕಾಲಬಳಿಯಲ್ಲಿ ಶಿಷ್ಯನಾಗಿ ಕೂತರೆನ್ನಬೇಕು. ಅವನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದಶ್ಶಾಸ್ತ್ರವನ್ನು 1875ರಲ್ಲಿಯೂ ಅಚ್ಚುಹಾಕಿಸಿದರು. ಕೇಶಿರಾಜನು ಜೈನನು, ಆದರೂ ಅವನ ಶಾಸ್ತ್ರವನ್ನು ಗೌರವಿಸುವುದಕ್ಕೆ ಇವರು ಹಿಂಜರಿಯಲಿಲ್ಲ.

ಬಹು ಭಾರವಾದ ಕೆಲಸವು ನಿಘಂಟಿನದು. 1877ರಲ್ಲಿ ಸ್ವದೇಶಕ್ಕೆ ತಿರುಗಿಹೋಗಿದ್ದ ಅವರು, ಐವತ್ತು ದಾಟಿದ ಮೇಲೆ, 1883ರಲ್ಲಿ, ಆ ಕೆಲಸಕ್ಕಾಗಿ ಪುನಃ ಕಡಲು ದಾಟಿ ಬಂದರು. ದೇಶೀಯ ಪಂಡಿತರ ಸಹಾಯದಿಂದ ಕಾವ್ಯಗಳಲ್ಲಿದ್ದ ಮಾತುಗಳನ್ನೂ ಗಾದೆಗಳನ್ನೂ ಜನರ ಬಾಯಲ್ಲಿ ಆಡುತ್ತಿದ್ದ ನುಡಿಗಳನ್ನೂ ಕೂಡಿಹಾಕಿ 1892ರ ವರೆಗೆ ದುಡಿದರು. 1894ರಲ್ಲಿ ಮಂಗಳೂರಿನ ಮಿಶನ್ ಛಾಪಖಾನೆಯಿಂದ ಆ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಿತ್ತು: ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1968ರಿಂದ 1971ರೊಳಗೆ ಮದರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರ ಪರಿಷ್ಕರಣದೊಂದಿಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಮರಳಿ ಪ್ರಕಟಿಸಿತು.

ಇಷ್ಟಾದರೂ ವಾಕ್ಯಗಳ ವಿಚಾರವು ಅವರನ್ನು ಬಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಈ ಮೂರನ್ನೂ ಒಂದೆಡೆ ಇಟ್ಟು ವಿವರಿಸುವ ಕನ್ನಡ ವ್ಯಾಕರಣವನ್ನು, ತಮ್ಮದಲ್ಲದ ಭಾಷೆಯೊಂದನ್ನು ತಮ್ಮದಲ್ಲದ ಇನ್ನೊಂದರಲ್ಲಿ ತಿಳಿಸುತ್ತಾ, ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ದಶಂಬರ ತಿಂಗಳಲ್ಲಿ ಟ್ಯೂಬಿಂಗೆನಿನಲ್ಲಿ ಅವರು ನಿದ್ರೆಹೋದರು.