ಡಾಕ್ಟರ್ ಗೋವಿಂದಸ್ವಾಮಿ: ಮಿದುಳು ಮನಸ್ಸುಗಳ ನಡುವೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಅದಕ್ಕೆ ಅಡಿಪಾಯವಿರಿಸಿ ೧೯೬೧ರಲ್ಲಿ ತೀರಿಕೊಂಡ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರನ್ನು ನೆನೆಯುವವರು ಇನ್ನೂ ವಿರಳ.

ಫ್ರಾಂಕ್ ನೊರೋನ್ಹಾ ಅವರ ತರುವಾಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಹೊಣೆ ಗೋವಿಂದಸ್ವಾಮಿಯವರ ಪಾಲಿಗೆ ಬಂದಿತು. ಹುಚ್ಚರನ್ನು ಕೂಡಿಹಾಕುವುದೇ ಚಿಕಿತ್ಸೆಯೆಂದು ಜನ ಬಗೆದಿದ್ದ ಕಾಲವದು. ಕಾರ್ಡಿಯಜಾಲ್ ಎಂಬ ಔಷಧದಿಂದ ಸೆಳವು ಬರಿಸುವ ಅಂದಿನ ಹೊಸ ಚಿಕಿತ್ಸೆಯನ್ನು ಅವರು ಪರೀಕ್ಷಿಸಿ ನೋಡಿದರು. ಶಸ್ತ್ರವೈದ್ಯ ಬಿ. ಎನ್. ರಾವ್ ಅವರೊಡಗೂಡಿ, ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ಅನುಭವವನ್ನು ೧೯೪೪ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದ ಪೋರ್ಚುಗಲ್ಲಿನ ಮೋನಿಜ್ ಅವರಿಗೆ ೧೯೪೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಉದ್ವೇಗ ಶಮನವಾದ ಎಷ್ಟೋ ರೋಗಿಗಳಲ್ಲಿ ಉತ್ಸಾಹ, ಮುಂದಾಲೋಚನೆ, ಹೊಣೆಗಾರಿಕೆಗಳೂ ಅಡಗಿಹೋದುವು. ಐವತ್ತರ ದಶಕದಲ್ಲಿ ಹೊಸ ಔಷಧಗಳು ಬಂದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು. ಇದನ್ನು ಮರೆಮಾಚಿ ಗೋವಿಂದಸ್ವಾಮಿಯವರನ್ನು ಹೊಗಳುವುದು ಸರಿಯಲ್ಲ. ಮಿದುಳಿಗೆ ಪೆಟ್ಟಾದಾಗ ಮನುಷ್ಯನಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂದು ಅಳೆದು ನೋಡುವ ಶಾಸ್ತ್ರವೊಂದು ಬೇಕೆಂಬುದನ್ನು ಇಂಥ ಅನುಭವಗಳೇ ತೋರಿಸಿಕೊಟ್ಟವು. ನರಮನೋವಿಜ್ಞಾನದ ಕೆಲಸ ಇದೇ. ಮಹಾಯುದ್ಧದಲ್ಲಿ ತಲೆಗೆ ಗಾಯವಾದ ಸೈನಿಕರ ನಡುವೆ ರಷ್ಯದ ಲೂರಿಯಾ ಇದನ್ನು ಬೆಳೆಸಿದರು.

ಭೋರ್ ಸಮಿತಿಯ ಸಲಹೆಯಂತೆ ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದಾಗ ಗೋವಿಂದಸ್ವಾಮಿಯವರೇ ಅದರ ನಿರ್ದೇಶಕರಾದರು. ಅಲ್ಲಿ ವೈದ್ಯರಿಗೊಂದು, ಮನಶ್ಶಾಸ್ತ್ರಜ್ಞರಿಗೊಂದು ಎಂದು ಎರಡು ಡಿಪ್ಲೊಮಾ ತರಗತಿಗಳು ಮೊದಲಾದುವು. ಮದ್ದು ಕೊಡುವವನೂ ಮನಸ್ಸನ್ನು ಅಳೆಯುವವನೂ ಒಂದೇ ರೋಗಿಯ ಬಳಿ ನಿಲ್ಲುವಂತಾದುದು ಅವರ ಕಾಲದ ದೊಡ್ಡ ಸಾಧನೆ. ಭಾರತೀಯ ದರ್ಶನಗಳಲ್ಲಿಯೂ ಚಿಕಿತ್ಸೆಗೆ ನೆರವಾಗುವ ಅಂಶಗಳಿರಬಹುದೆಂದು ಅವರು ಅರಸಿದರು.

ಆಸ್ಪತ್ರೆ, ಸಂಸ್ಥೆಗಳೆರಡೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಸಿ. ಆರ್. ಮುಕುಂದನ್ ಮೊದಲಾದವರು ಅಲ್ಲಿ ನರಮನೋವಿಜ್ಞಾನವನ್ನು ಕಟ್ಟಿ ಬೆಳೆಸಿದರು. ೨೦೦೪ರಲ್ಲಿ ಪ್ರಕಟವಾದ ಅಲ್ಲಿಯ ಪರೀಕ್ಷಾಮಾಲೆ ಓದುಬರಹ ಬಾರದವರಿಗೂ ಮಾನದಂಡಗಳನ್ನು ಒದಗಿಸಿತು.

ಇನ್ನೂ ಆಗಬೇಕಾದುದು ಬಹಳವಿದೆ. ವಿಜಯಪುರ ಜಿಲ್ಲೆಯ ನಿಡೋಣಿಯಂಥ ಊರಿನಲ್ಲಿ ಲಕ್ವ ಹೊಡೆದು ಮಾತು ಕಳೆದುಕೊಂಡ ರೈತನಿಗೆ ಅವನ ಆಡುಮಾತಿನಲ್ಲಿಯೇ ಪರೀಕ್ಷೆ ನಡೆಯಬೇಕು. ಜೋಳದ ಹೊಲ, ಸಂತೆಯ ಲೆಕ್ಕ, ನೆಂಟರ ಹೆಸರು, ಇವುಗಳಲ್ಲಿ ಅವನಿಗೆ ಯಾವುದು ನೆನಪಿದೆ, ಯಾವುದನ್ನು ಮತ್ತೆ ಕಲಿಸಬಹುದು ಎಂದು ಹೇಳಬಲ್ಲವರು ಜಿಲ್ಲಾ ಆಸ್ಪತ್ರೆಯಲ್ಲಿಯೇ ಸಿಗುವಂತಾಗಬೇಕು. ನಮ್ಮ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಓದುವ ತರುಣರು ಈ ಕೆಲಸಕ್ಕೆ ಮುಂದಾದರೆ ಗೋವಿಂದಸ್ವಾಮಿಯವರು ತೊಡಗಿದ ಕಾರ್ಯ ಬೆಂಗಳೂರನ್ನು ದಾಟಿ ನಮ್ಮ ಹಳ್ಳಿಗಳನ್ನು ತಲುಪುತ್ತದೆ.