ಹಳೆಯ ಹಾಡಿಗೆ ಹೊಸ ಜೀವ ತುಂಬಿದ ಬಿಲ್ ಇವಾನ್ಸ್

ಅಮೆರಿಕದ ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್ 1929ರಲ್ಲಿ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ ಜನಿಸಿದರು. ಚಲನಚಿತ್ರ, ರಂಗಭೂಮಿಗಳ ಜನಪ್ರಿಯ ಗೀತೆಗಳ ಧಾಟಿಯನ್ನು ಉಳಿಸಿಕೊಂಡೇ, ಅದರಡಿಯ ಸ್ವರಮೇಳವನ್ನು ಬದಲಿಸಿ, ಸವೆದ ಹಾಡಿಗೂ ಹೊಸ ಭಾವ ತುಂಬುತ್ತಿದ್ದರು.

1959ರಲ್ಲಿ ಬಾಸ್ ವಾದಕ ಸ್ಕಾಟ್ ಲಫಾರೊ, ಡ್ರಮ್ ವಾದಕ ಪಾಲ್ ಮೋಷಿಯನ್ ಅವರೊಡನೆ ಕಟ್ಟಿದ ತಂಡದಲ್ಲಿ ಪಕ್ಕವಾದ್ಯವೆಂಬ ಭೇದವೇ ಅಳಿಯಿತು. 1961ರ ಜೂನ್ 25ರ ಭಾನುವಾರ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ, 1949ರ ಚಲನಚಿತ್ರದ ‘ಮೈ ಫೂಲಿಶ್ ಹಾರ್ಟ್’ ಗೀತೆಯನ್ನು ಮೂವರೂ ಒಂದೇ ಉಸಿರೆಂಬಂತೆ ನುಡಿಸಿದರು. ಅದು ಧ್ವನಿಮುದ್ರಣಗೊಂಡಿತು.

ಹನ್ನೊಂದೇ ದಿನಗಳ ಬಳಿಕ, 25ರ ಹರೆಯದ ಲಫಾರೊ ಕಾರು ಅಪಘಾತದಲ್ಲಿ ಮೃತರಾದರು. ಶೋಕದಿಂದ ಇವಾನ್ಸ್ ತಿಂಗಳುಗಟ್ಟಲೆ ವೇದಿಕೆಯಿಂದ ದೂರ ಉಳಿದರು. ಮರಳಿ ಬಂದು, ಹೊಸ ಸಂಗಾತಿಗಳೊಡನೆ ಅದೇ ಗೀತೆಯನ್ನು ಕೊನೆಯ ವರ್ಷದವರೆಗೂ ನುಡಿಸಿದರು. ಮಾದಕ ವ್ಯಸನದಿಂದ ಜರ್ಜರಿತರಾಗಿ 1980ರ ಸೆಪ್ಟೆಂಬರ್ 15ರಂದು ನಿಧನರಾದರು. ಆ ಭಾನುವಾರದ ವಾದನ ಜಾಝ್ ಕಲಿಯುವವರಿಗೆ ಇಂದಿಗೂ ಪಾಠವಾಗಿದೆ.